ಮೆಕ್ಸಿಕನ್ ಹೋಟೆಲಿನಲ್ಲಿ ಉಪವಾಸ

ಎಡೆ ಇಡುವ ದಿನ ನಗಬಾರದು ಅನ್ನುತ್ತಾರೆ. ಆದರೆ ನಮ್ಮ ಕಡೆ ಯಾರ ಮನೆಯಲ್ಲಿ ಎಡೆ ಇಟ್ಟರೂ ನಗು ಬರುವಂಥದ್ದು ಒಂದು ಆಗಿಯೇ ಆಗುತ್ತದೆ. ಹೋದವರು ಸುಮ್ಮನೆ ಕೂರುವುದಿಲ್ಲ ಅಂತ ಕಾಣುತ್ತದೆ.

ಎಡೆ ಅಂದರೆ ಗೊತ್ತಲ್ಲ. ಪಿತೃಪಕ್ಷದ ಅಮಾವಾಸ್ಯೆ ದಿನ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ, ಬಾಳೆಲೆಗೆ ಬಡಿಸಿ, ಅವರ ಫೋಟೋ ಮುಂದೆ ಇಡುವುದು. ಕಡುಬು ತಿನ್ನುತ್ತಿದ್ದವರಿಗೆ ಕಡುಬು. ಕೋಳಿ ತಿನ್ನುತ್ತಿದ್ದವರಿಗೆ ಕೋಳಿ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ಬೆಂಕಿಪೊಟ್ಟಣ ಸಮೇತ. ಆಮೇಲೆ ಅದರಲ್ಲಿ ಒಂದು ಪಾಲು ಮನೆಯ ಮಾಡಿನ ಮೇಲಿಟ್ಟು ಕಾಗೆ ಕರೆಯಬೇಕು. ಕಾಗೆ ಮುಟ್ಟಿದರೆ ಹೋದವರು ಉಂಡ ಹಾಗೆ. ಅಲ್ಲಿವರೆಗೆ ಮನೆಯವರು ಉಪವಾಸ. ಒಂದು ಅಗುಳು ಬಾಯಿಗೆ ಹಾಕುವ ಹಾಗಿಲ್ಲ. ಉಪ್ಪು ಸರಿ ಇದೆಯಾ ಅಂತ ರುಚಿ ಕೂಡ ನೋಡುವ ಹಾಗಿಲ್ಲ. ಹೊತ್ತು ಮುಳುಗುವ ಒಳಗೆ ಕಾಗೆ ಮುಟ್ಟದೆ ಹೋದರೆ, ಹೋದವರಿಗೆ ಏನೋ ಆಸೆ ಉಳಿದಿದೆ ಅಂತ ಅರ್ಥ.

ನಾನು ಎಸ್ಟೇಟಿನಲ್ಲಿ ಮರಗಸಿ ಮಾಡುವವನು. ಕಾಫಿ ಗಿಡಕ್ಕೆ ಬೆಳಕು ಬೀಳಲಿ ಅಂತ ದೊಡ್ಡ ಮರ ಹತ್ತಿ ಕೊಂಬೆ ಇಳಿಸುವ ಕೆಲಸ. ಓದು ಅಷ್ಟಕ್ಕಷ್ಟೆ. ಮಾತು ಅದಕ್ಕಿಂತ ಕಮ್ಮಿ. ನಮ್ಮ ಮನೆಯಲ್ಲಿ ಮಾತಿನ ಕೆಲಸ ಹೆಂಡತಿ ನೋಡಿಕೊಳ್ಳುತ್ತಿದ್ದಳು. ಹೋದ ವರ್ಷ ಮಳೆಗಾಲದಲ್ಲಿ ಅವಳು ಹೋದಳು. ಈ ವರ್ಷ ಅವಳಿಗೆ ಮೊದಲ ಎಡೆ. ಆವತ್ತು ನಡೆದದ್ದನ್ನು ಹೇಳುತ್ತೇನೆ. ಅದಕ್ಕೆ ಮುಂಚೆ ಪಕ್ಕದ ಮನೆಯದ್ದು ಒಂದು.

ಎಡೆಯ ಮೇಲಿನ ಫೋನು

ಪಕ್ಕದ ಮನೆಯವನು ಜೀಪ್ ಡ್ರೈವರ್. ಟೂರಿಸ್ಟುಗಳನ್ನು ಗುಡ್ಡಕ್ಕೆ ಹತ್ತಿಸಿ ಇಳಿಸುತ್ತಾನೆ. ಅವನ ಅಪ್ಪನಿಗೆ ಕಡೆಗಾಲದಲ್ಲಿ ಮೊಬೈಲ್ ಹುಚ್ಚು. ಮಲಗಿದರೂ ಎದೆ ಮೇಲೆ ಫೋನು. ಹೋದ ಮೇಲೆ ಮಗ ಎಡೆಗೆ ಕಡುಬು, ಕೋಳಿ, ಎಲೆ ಅಡಿಕೆ ಎಲ್ಲ ಇಟ್ಟ. ಜೊತೆಗೆ ಅಪ್ಪನ ಫೋನನ್ನೂ ಚಾರ್ಜ್ ಮಾಡಿ ಎಲೆ ಪಕ್ಕ ಇಟ್ಟ.

ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದೆವು. ಫೋನು ಬಡಿಯಿತು.

ಯಾರೂ ಅಲ್ಲಾಡಲಿಲ್ಲ. ಫೋನು ಬಡಿಯುತ್ತಲೇ ಇತ್ತು. ಕೊನೆಗೆ ಅವನ ತಾಯಿ, "ಎತ್ತೋ ಮಾರಾಯ, ಅವ್ರಿಗೆ ಕಾಯೋಕೆ ಆಗಲ್ಲ, ಗೊತ್ತಲ್ಲ ನಿಂಗೆ" ಅಂದರು.

ಡ್ರೈವರ್ ಫೋನು ಎತ್ತಿ, ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ. "ಅಪ್ಪಾ... ಹೇಳಿ ಅಪ್ಪಾ..." ಅಂದ.

ಆ ಕಡೆಯಿಂದ ಒಂದು ಹೆಣ್ಣು ದನಿ ಬಂತು. "ಪ್ರಿಯ ಗ್ರಾಹಕರೇ, ನಿಮ್ಮ ವ್ಯಾಲಿಡಿಟಿ ಮುಗಿದಿದೆ."

ತಾಯಿ ಕಣ್ಣೊರೆಸಿಕೊಂಡರು. "ಅದು ನಮಗೂ ಗೊತ್ತು. ಮುಂದೆ ಹೇಳಮ್ಮ" ಅಂದರು.

ಸಕ್ಕರೆ ಪೊಟ್ಟಣ

ನಮ್ಮ ಮನೆ ಹಿಂದೆ ಒಂದು ಬೆಣ್ಣೆಹಣ್ಣಿನ ಮರ ಇದೆ. ಈಗ ಎಲ್ಲರೂ ಬಟರ್ ಫ್ರೂಟ್ ಅನ್ನುತ್ತಾರೆ. ಹೆಂಡತಿ ಹಣ್ಣು ತಿಂದು ಎಸೆದ ಬೀಜ ಅದು. "ನಾನು ನೆಟ್ಟ ಮರ" ಅನ್ನುತ್ತಿದ್ದಳು. ಎಸೆದದ್ದು ನಾನು ಕಂಡಿದ್ದೇನೆ.

ನಮ್ಮಲ್ಲಿ ಆ ಹಣ್ಣು ತಿನ್ನಲು ಒಂದೇ ದಾರಿ. ಎರಡು ಹೋಳು ಮಾಡಬೇಕು. ಬೀಜ ತೆಗೆಯಬೇಕು. ಆ ಗುಳಿಗೆ ಸಕ್ಕರೆ ತುಂಬಿ ಚಮಚದಲ್ಲಿ ಕೆರೆದು ತಿನ್ನಬೇಕು. ಮಿಕ್ಕಿದ್ದು ನಾಯಿಗೆ. ಹಣ್ಣಿನ ಕಾಲದಲ್ಲಿ ನಮ್ಮ ಎಸ್ಟೇಟಿನ ಲೈನು ಮನೆಗಳ ನಾಯಿಗಳ ಮೈ ಎಣ್ಣೆ ಹಚ್ಚಿದ ಹಾಗೆ ಮಿಂಚುತ್ತದೆ.

ಪಕ್ಕದ ಎಸ್ಟೇಟು ಈಗ ರೆಸಾರ್ಟು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆ ಇದ್ದ ಜಾಗದಲ್ಲಿ ಒಂದು ಮೆಕ್ಸಿಕನ್ ಹೋಟೆಲು ಮಾಡಿದರು. ಭಾರಿ ಹೋಟೆಲು. ಗೇಟಿನಿಂದ ಒಳಗೆ ಹೋಗುವಷ್ಟರಲ್ಲಿ ನಮಸ್ಕಾರ ಹೇಳಿಸಿಕೊಂಡೇ ಸುಸ್ತಾಗುತ್ತದೆ. ಅಲ್ಲಿನ ದೊಡ್ಡ ಅಡುಗೆಯವರು ಮಂಗಳೂರು ಕಡೆಯವರು. ಹಡಗಿನಲ್ಲಿ ಅಡುಗೆ ಮಾಡಿಕೊಂಡು ದೇಶ ಸುತ್ತಿದವರು. ಒಂದು ದಿನ ಬೆಣ್ಣೆಹಣ್ಣು ಹುಡುಕಿಕೊಂಡು ನಮ್ಮ ಅಂಗಳಕ್ಕೇ ಬಂದರು.

ಹೆಂಡತಿ ಕೇಳಿದಳು. "ಇಷ್ಟೊಂದು ಹಣ್ಣು ಎಂತ ಮಾಡ್ತೀರಿ?"

"ಜಜ್ಜಿ, ಉಪ್ಪು ಹಾಕಿ, ನಿಂಬೆಹುಳಿ ಹಿಂಡಿ, ಈರುಳ್ಳಿ, ಹಸಿಮೆಣಸು ಹಾಕುವುದು ಅಮ್ಮಾ. ಮೆಕ್ಸಿಕೊದಲ್ಲಿ ಹಾಗೆಯೇ."

"ಉಪ್ಪಾ? ಬೆಣ್ಣೆಹಣ್ಣಿಗಾ?" ಇವಳು ನನ್ನ ಮುಖ ನೋಡಿದಳು. "ಪಾಪ. ಆ ಊರಲ್ಲಿ ಸಕ್ಕರೆ ಸಿಗಲ್ವೇನೋ."

ಮರುದಿನ ಮೊದಲ ಬುಟ್ಟಿ ಹೋಯಿತು. ಹಣ್ಣಿನ ಮೇಲೆ ಒಂದು ಪೊಟ್ಟಣ ಸಕ್ಕರೆ. ಬಾಯಲ್ಲಿ ಹೇಳಿದರೆ ಅವರಿಗೆ ಬೇಜಾರಾಗುತ್ತದೆ, ನೋಡಿ ತಾವೇ ತಿಳಿದುಕೊಳ್ಳಲಿ ಅಂತ ಇವಳ ಲೆಕ್ಕ.

ಅಡುಗೆಯವರು ತಿಳಿದುಕೊಂಡದ್ದು ಬೇರೆ. ಬುಟ್ಟಿ ಬರಿದಾಗಿ ಕೊಡಬಾರದು, ಇದು ಈ ಊರಿನ ಮರ್ಯಾದೆ ಅಂದುಕೊಂಡರು. ತಾವೂ ಮರ್ಯಾದೆಯವರು. ಬುಟ್ಟಿ ವಾಪಸ್ ಕಳಿಸುವಾಗ ಕೈಗೆ ಸಿಕ್ಕಿದ್ದು ಒಂದು ಪ್ಯಾಕೆಟ್ ಉಪ್ಪು. ಅದನ್ನೇ ಇಟ್ಟು ಕಳಿಸಿದರು.

ಇವಳು ಪ್ಯಾಕೆಟ್ ಎತ್ತಿ ಹಿಡಿದು ಇಡೀ ಲೈನಿಗೆ ತೋರಿಸಿದಳು. "ನೋಡಿ, ಬುದ್ಧಿ ಬಂತು. ಉಪ್ಪು ವಾಪಸ್ ಮಾಡಿದ್ದಾರೆ!"

ಪಾರ್ಸೆಲ್ ಇಲ್ಲ

ಅಡುಗೆಯವರು ಉಪ್ಪು ಬಿಟ್ಟಿಲ್ಲ ಅಂತ ಆಮೇಲೆ ಗೊತ್ತಾಯಿತು. ಇವಳೂ ಸಕ್ಕರೆ ಬಿಡಲಿಲ್ಲ. ಪ್ರತಿ ಬುಟ್ಟಿಗೂ ಒಂದು ಪೊಟ್ಟಣ. ಕೊನೆಗೆ ಅಡುಗೆಯವರೇ, "ಅಮ್ಮಾ, ಒಂದು ದಿನ ಇಬ್ಬರೂ ಮಧ್ಯಾಹ್ನದ ಊಟಕ್ಕೆ ಬನ್ನಿ. ತಿಂದು ನೋಡಿ, ಆಮೇಲೆ ಹೇಳಿ" ಅಂದರು.

"ಬರ್ತೀನಿ. ಅಲ್ಲೇ ಕೂತು ತಿಂದು, ಮುಖಕ್ಕೇ ಹೇಳ್ತೀನಿ" ಅಂದಳು.

ಸೀರೆ ಕೂಡ ತೆಗೆದಿಟ್ಟಿದ್ದಳು. ಮಳೆ ಬಿಡಲಿ ಅಂದಳು. ಮಳೆ ಬಿಡುವ ಮುಂಚೆ ಅವಳು ಬಿಟ್ಟು ಹೋದಳು.

ಈ ವರ್ಷ ಎಡೆಗೆ ನಾದಿನಿ ಕಳಸದಿಂದ ಬಂದಳು. ಹೆಂಡತಿಯ ತಂಗಿ. ಅಕ್ಕನದೇ ಬಾಯಿ, ಒಂದು ಸೈಜು ದೊಡ್ಡದು. ಬಂದವಳೇ ಕೇಳಿದಳು. "ಭಾವ, ಎಡೆಗೆ ಏನೇನು?"

"ಕಡುಬು. ಕೋಳಿ ಸಾರು. ಬೆಣ್ಣೆಹಣ್ಣು."

"ಮೆಕ್ಸಿಕೊದ್ದು?"

ನನ್ನ ತಲೆಯಲ್ಲೂ ಅದೇ ಇತ್ತು.

"ಅಕ್ಕ ಫೋನಲ್ಲಿ ಅದನ್ನೇ ಹೇಳ್ತಿದ್ಲು. ಅದು ಇಲ್ದಿದ್ರೆ ಕಾಗೆ ಮುಟ್ಟಲ್ಲ ನೋಡಿ. ಅವಳ ಹಟ ನನಗೆ ಗೊತ್ತು" ಅಂದಳು.

ಅಂಗಳದಲ್ಲಿ ಜೀಪ್ ಒರೆಸುತ್ತಿದ್ದ ಡ್ರೈವರ್ ಬಾಯಿ ಹಾಕಿದ. "ಅಲ್ಲಿ ಪಾರ್ಸೆಲ್ ಕೊಡಲ್ಲ ಅಕ್ಕ. ಕೂತು ತಿನ್ನೋರಿಗೆ ಮಾತ್ರ."

"ಕೂತ್ರೆ ಆಯ್ತಲ್ಲ."

"ನಾಳೆ ನಿಮಗೆ ಉಪವಾಸ ಅಲ್ವಾ?"

"ಹೌದು. ಕೂರ್ತೀವಿ, ತಿನ್ನಲ್ಲ. ಎಲ್ಲಾ ತರಿಸಿ ಡಬ್ಬಿಗೆ ಹಾಕ್ಕೊಂಡು ಬರ್ತೀವಿ."

"ಇವತ್ತೇ ಹೋಗಿ ತಂದಿಡಿ ಹಂಗಾದ್ರೆ."

"ಎಡೆಗೆ ತಂಗಳು ಇಡ್ತಾರೇನೋ?"

ಡ್ರೈವರ್ ಬಟ್ಟೆ ಹಿಂಡಿ ಬಾನೆಟ್ ಮೇಲೆ ಹರಡಿದ. "ಉಪವಾಸದೋರನ್ನ ದೇವಸ್ಥಾನಕ್ಕೆ ಬಿಟ್ಟಿದ್ದೀನಿ. ಹೋಟೆಲಿಗೆ ಬಿಡೋದು ಇದೇ ಮೊದಲು."

ಕಣದ ಚಪ್ಪಲಿ

ಮರುದಿನ ಮಧ್ಯಾಹ್ನ ಹೋದೆವು. ನಾನು ಮದುವೆ ಮನೆಗೆ ಇಟ್ಟುಕೊಂಡ ಬಿಳಿ ಅಂಗಿ ಹಾಕಿದ್ದೆ. ನಾದಿನಿ ಅಕ್ಕ ತೆಗೆದಿಟ್ಟಿದ್ದ ಸೀರೆ ಉಟ್ಟಿದ್ದಳು. ಕೈಯಲ್ಲಿ ವೈರು ಬ್ಯಾಗು, ಬ್ಯಾಗಿನಲ್ಲಿ ನಮ್ಮ ಊಟದ ಡಬ್ಬಿಗಳು.

ಅಲ್ಲಿ ಮೇಜು ಹಾಕಿರುವುದು ಹಳೆಯ ಕಣದ ಮೇಲೆ. ಕಾಫಿ ಒಣಗಿಸುವ ಕಣ. ನಾನೂ ಹೆಂಡತಿಯೂ ಹಿಂದೆ ಅಲ್ಲೇ ಪಾರ್ಚ್‌ಮೆಂಟ್ ಬೀಜ ಹರಡಿದವರು. ಈಗ ಮೇಲೆ ಗಾಜಿನ ಮಾಡು, ಬಣ್ಣದ ದೀಪ. ಬಯಲುಸೀಮೆಯವರು ಬೇಲಿಗೆ ಹಾಕುವ ಕಳ್ಳಿಯನ್ನು ಕುಂಡದಲ್ಲಿ ಸಾಕಿದ್ದಾರೆ.

ಕಣಕ್ಕೆ ಚಪ್ಪಲಿ ಹಾಕಿಕೊಂಡು ಹತ್ತುವ ಹಾಗಿಲ್ಲ. ಬೀಜಕ್ಕೆ ಮಣ್ಣು ಹತ್ತುತ್ತದೆ. ಯಾರಾದರೂ ಮರೆತು ಹತ್ತಿದರೆ ಆಗಿನ ಮೇಸ್ತ್ರಿ ಆ ಚಪ್ಪಲಿ ಕಿತ್ತು ತೋಟಕ್ಕೆ ಎಸೆಯುತ್ತಿದ್ದರು. ಮೇಸ್ತ್ರಿ ಹೋಗಿ ಎಷ್ಟೋ ಕಾಲವಾಯಿತು. ಕಾಲಿಗೆ ಅದು ಗೊತ್ತಿಲ್ಲ. ನಾನು ಕಣದ ಅಂಚಿನಲ್ಲಿ ಚಪ್ಪಲಿ ಬಿಟ್ಟೆ. ನನ್ನ ನೋಡಿ ನಾದಿನಿಯೂ ಬಿಟ್ಟಳು. ಬರಿಗಾಲಲ್ಲಿ ಹೋಗಿ ಕೂತೆವು.

ನಮ್ಮ ಹಿಂದೆ ಬೆಂಗಳೂರಿನ ಒಂದು ಸಂಸಾರ ಬಂತು. ಯಜಮಾನರು ನಮ್ಮ ಚಪ್ಪಲಿ ನೋಡಿದರು. ನಮ್ಮ ಕಾಲು ನೋಡಿದರು. ಹೆಂಡತಿಗೆ ಮೆಲ್ಲಗೆ, "ಶೂ ಬಿಚ್ಚಬೇಕಂತೆ" ಅಂದರು. ಬಿಚ್ಚಿದರು. ಅವರ ಹಿಂದೆ ಬಂದವರು ಅವರನ್ನು ನೋಡಿ ಬಿಚ್ಚಿದರು. ಮುಂಚೆಯೇ ಕೂತು ಊಟ ಮಾಡುತ್ತಿದ್ದವರು ಮೇಜಿನ ಕೆಳಗೇ ಬಿಚ್ಚಿ, ಕಾಲಲ್ಲಿ ತಳ್ಳಿಕೊಂಡು, ಯಾರಿಗೂ ಕಾಣದ ಹಾಗೆ ತಂದು ರಾಶಿಗೆ ಸೇರಿಸಿದರು.

ಮ್ಯಾನೇಜರು ಒಳಗಿಂದ ಬಂದರು. ಕೋಟು ಹಾಕಿದ ಮನುಷ್ಯ. ಶೂ ರಾಶಿ ನೋಡಿ ನಿಂತುಬಿಟ್ಟರು. ಬೆಂಗಳೂರಿನ ಯಜಮಾನರು ಅವರ ಕೈ ಕುಲುಕಿದರು.

"ಬಹಳ ಒಳ್ಳೇದು ಮಾಡಿದ್ದೀರಿ ಇವ್ರೆ. ಎಷ್ಟು ಶಾಂತಿ! ಮೆಕ್ಸಿಕೊದಲ್ಲೂ ಹೀಗೇನಾ?"

ಮ್ಯಾನೇಜರು ಒಂದು ಸಲ ರಾಶಿ ನೋಡಿದರು. ಒಂದು ಸಲ ಎಲ್ಲರ ಕಾಲು ನೋಡಿದರು. "ಹೌದು ಸರ್. ಅಲ್ಲಿ ಇನ್ನೂ ಸ್ಟ್ರಿಕ್ಟು" ಅಂದು, ಬಗ್ಗಿ ತಮ್ಮ ಲೇಸೂ ಬಿಚ್ಚಿದರು.

ಮೂರನೇ ಖುರ್ಚಿ

ಬಡಿಸಲು ಬಂದವಳು ಗೋಣಿಬೀಡಿನ ಕಡೆಯ ಹೆಂಗಸು. ತಲೆ ಮೇಲೆ ಅಗಲದ ಟೋಪಿ. ನಾದಿನಿ ನಮ್ಮ ಇಬ್ಬರ ನಡುವೆ ಒಂದು ಖುರ್ಚಿ ಖಾಲಿ ಬಿಟ್ಟು ಅದರ ಮುಂದೆಯೂ ತಟ್ಟೆ ಇಡಿಸಿದಳು.

"ಇನ್ನೊಬ್ರು ಬರ್ಬೇಕಾ ಮೇಡಂ?"

"ಬರಲ್ಲ. ಹೋದ್ರು."

"ಬಂದು ಹೋದ್ರಾ?"

"ಬರದೇ ಹೋದ್ರು."

ಆ ಹೆಂಗಸು ಖುರ್ಚಿ ನೋಡಿದಳು. ಅದರ ಮುಂದೆಯೂ ನೀರು ಇಟ್ಟಳು.

ದೊಡ್ಡ ಪುಸ್ತಕ ಕೊಟ್ಟರು. ನಾದಿನಿ ತೆರೆಯಲೇ ಇಲ್ಲ. "ಬೆಣ್ಣೆಹಣ್ಣು ಹಾಕಿದ್ದು ಏನೇನಿದೆ, ಎಲ್ಲಾ ತನ್ನಿ" ಅಂದಳು. ಬಂತು. ಮೆಕ್ಕೆಜೋಳದ ಹಿಟ್ಟಿನ ಪುಟ್ಟ ರೊಟ್ಟಿ, ಮಡಚಿ ಒಳಗೆ ಏನೇನೋ ತುಂಬಿದ್ದು. ಮೂರು ಮೂಲೆಯ ಹಪ್ಪಳ. ಕರಿ ಕಾಳಿನ ಗೊಜ್ಜು. ಎಲ್ಲದರ ಮೇಲೂ ನಮ್ಮ ಮರದ ಹಣ್ಣು. ವಾಸನೆ ಒಂದೊಂದೂ ಮೂಗು ಹಿಡಿದು ಎಳೆಯುತ್ತಿತ್ತು. ಬೆಳಗಿನಿಂದ ನಮ್ಮ ಹೊಟ್ಟೆಗೆ ನೀರು ಬಿಟ್ಟರೆ ಏನೂ ಇಲ್ಲ. ನಾದಿನಿಯ ಹೊಟ್ಟೆ ಗುರ್ ಅಂದದ್ದಕ್ಕೆ ಪಕ್ಕದ ಮೇಜಿನವರು ಬಗ್ಗಿ ನಾಯಿ ಹುಡುಕಿದರು.

ಆಮೇಲೆ ಆ ಹೆಂಗಸು ಕರಿಕಲ್ಲಿನ ಒಂದು ಸಣ್ಣ ಒರಳು ತಂದು ಮೇಜಿನ ಮೇಲಿಟ್ಟಳು. ಬೆಣ್ಣೆಹಣ್ಣನ್ನು ಗಿರಾಕಿಗಳ ಎದುರೇ ಜಜ್ಜಿ ಕೊಡುವುದು ಅಲ್ಲಿನ ಪದ್ಧತಿಯಂತೆ. ಗುಂಡು ಎತ್ತಿದಳು. ನಾದಿನಿ ಕೈ ಹಿಡಿದಳು.

"ಇಲ್ಲಿ ಕೊಡು ಮಾರಾಯ್ತಿ. ಇದು ಎಡೆಗೆ. ನಿನ್ನದು ಸ್ನಾನ ಆಗಿದ್ಯಾ?"

ಎಡೆ ಅಂದ ಕೂಡಲೆ ಆ ಹೆಂಗಸಿಗೆ ಮೂರನೇ ಖುರ್ಚಿ ಅರ್ಥವಾಯಿತು. ಟೋಪಿ ತೆಗೆದಳು. "ಆಗಿದೆ ಅಕ್ಕ."

"ಉಪವಾಸ?"

"ಇಲ್ಲ. ಚಿತ್ರಾನ್ನ ತಿಂದೆ."

"ಕೊಡು ಹಂಗಾದ್ರೆ."

ನಾದಿನಿ ಸೆರಗು ಸಿಕ್ಕಿಸಿ, ಎದ್ದು ನಿಂತು ಜಜ್ಜಿದಳು. ಬಡಿಸುವವಳು ಪಕ್ಕದಲ್ಲಿ ನಿಂತು ಉಪ್ಪು ಹಾಕಿದಳು, ನಿಂಬೆಹಣ್ಣು ಹಿಂಡಿದಳು. ಬೆಂಗಳೂರಿನವರು ಎದ್ದು ಬಂದು ಫೋಟೋ ತೆಗೆದರು. ಅಭ್ಯಾಸದ ಮೇಲೆ ಆ ಹೆಂಗಸು ಚಮಚ ಮುಂದೆ ಹಿಡಿದಳು. "ಉಪ್ಪು ಸಾಕಾ, ರುಚಿ ನೋಡಿ ಅಕ್ಕ."

"ನಾವು ನೋಡೋ ಹಾಗಿಲ್ಲ."

"ಮತ್ತೆ ಸರಿಯಾಗಿದೆ ಅಂತ ಹೆಂಗೆ ಗೊತ್ತಾಗುತ್ತೆ?"

"ಸಂಜೆ ಕಾಗೆ ಹೇಳುತ್ತೆ."

ಫೋಟೋ ತೆಗೆಯುತ್ತಿದ್ದವರು ಅದನ್ನು ಕೇಳಿಸಿಕೊಂಡರು. ಮೆಲ್ಲಗೆ ತಮ್ಮ ಜಾಗಕ್ಕೆ ಹೋಗಿ, ತಮ್ಮ ತಟ್ಟೆಗೆಲ್ಲ ಕರವಸ್ತ್ರ ಮುಚ್ಚಿದರು.

ಮನೆ ಎಷ್ಟು ದೂರ

ಬಡಿಸುವವಳು ನಮ್ಮ ಕಡೆ ಆಗಿಬಿಟ್ಟಳು. "ಮ್ಯಾನೇಜರ್ ಆ ಕಡೆ ತಿರುಗಿದ್ದಾರೆ, ಹಾಕ್ಕೊಳ್ಳಿ" ಅಂತ ಟೋಪಿ ಅಡ್ಡ ಹಿಡಿದಳು. ನಾದಿನಿ ಮಡಿಲಲ್ಲಿ ಡಬ್ಬಿ ಇಟ್ಟುಕೊಂಡು ಒಂದೊಂದೇ ಇಳಿಸಿದಳು. ಮೊದಲ ಡಬ್ಬಿ ಸದ್ದಿಲ್ಲದೆ ಮುಚ್ಚಿತು. ಎರಡನೆಯದು ಹಳೇ ಸ್ಟೀಲ್ ಡಬ್ಬಿ. ಮುಚ್ಚಳ ಕೈ ಜಾರಿ ಕಣದ ಮೇಲೆ ಬಿತ್ತು. ಸಿಮೆಂಟ್ ಕಣ. ಅದು ಗುಂಡಗೆ ಉರುಳಿಕೊಂಡು, ಎಲ್ಲ ಮೇಜು ದಾಟಿ, ಮ್ಯಾನೇಜರ ಬರಿಗಾಲಿಗೆ ಹೋಗಿ ತಗುಲಿತು.

ಅವರು ಮುಚ್ಚಳ ಹಿಡಿದುಕೊಂಡೇ ಬಂದರು. ಮೂರು ತಟ್ಟೆ ನೋಡಿದರು. ಒಂದರಲ್ಲೂ ಯಾರೂ ತಿಂದ ಗುರುತಿಲ್ಲ.

"ಕ್ಷಮಿಸಿ. ನಮ್ಮಲ್ಲಿ ಪಾರ್ಸೆಲ್ ಇಲ್ಲ. ಈ ಊಟ ಇಲ್ಲೇ ತಿನ್ಬೇಕು. ಮನೆಗೆ ಹೋಗೋಷ್ಟರಲ್ಲಿ ರುಚಿ ಕೆಡುತ್ತೆ."

"ತಿನ್ನೋಳು ಇಲ್ಲಿಗೆ ಬರೋ ಹಾಗಿಲ್ಲ ಸಾರ್" ಅಂದಳು ನಾದಿನಿ.

"ಯಾಕೆ, ಹುಷಾರಿಲ್ವಾ?"

"ಇರ್ಲಿಲ್ಲ. ಈಗ ಏನೂ ತೊಂದ್ರೆ ಇಲ್ಲ."

"ಹಾಗಿದ್ರೆ ಕರ್ಕೊಂಡು ಬನ್ನಿ. ನಾನೇ ನಿಂತು ಬಡಿಸ್ತೀನಿ. ಎಲ್ಲಿದ್ದಾರೆ? ಬಹಳ ದೂರನಾ?"

ನಾದಿನಿ ಮೇಲೆ ನೋಡಿದಳು.

ಮ್ಯಾನೇಜರೂ ಗಾಜಿನ ಮಾಡಿನ ಆಚೆ ಗುಡ್ಡದ ತುದಿ ನೋಡಿದರು. "ಓ. ಮೇಲಿನ ಊರು, ಅತ್ತಿಗುಂಡಿನಾ?"

ಬಾರದ ಸಕ್ಕರೆ

ಯಾರೂ ಊಟ ಮುಟ್ಟಿಲ್ಲ ಅಂತ ಸುದ್ದಿ ಒಳಗೆ ಹೋಗಿತ್ತು. ದೊಡ್ಡ ಅಡುಗೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದರು. ನನ್ನ ನೋಡಿ ಸೌಟು ಕೆಳಗೆ ಮಾಡಿದರು.

"ಅಯ್ಯೋ, ನೀವಾ ಮಾರಾಯ್ರೆ! ಹೇಳಿ ಬರುವುದಲ್ವಾ? ಈ ವರ್ಷ ಹಣ್ಣು ಡ್ರೈವರ್ ಕೈಯಲ್ಲೇ ಕಳಿಸಿದ್ರಿ, ನೀವು ಕಾಣಲಿಕ್ಕೇ ಇಲ್ಲ. ಅಮ್ಮನಿಗೆ ನನ್ನ ಮೇಲೆ ಎಂತ ಸಿಟ್ಟು? ಬುಟ್ಟಿಯಲ್ಲಿ ಸಕ್ಕರೆಯೇ ಬರ್ಲಿಲ್ಲ."

ಅವರು ಕೂರಲು ಅಂತ ನಡುವಿನ ಖುರ್ಚಿ ಎಳೆದರು. ಅದರ ಮುಂದಿನ ತಟ್ಟೆ ನೋಡಿದರು. ಬ್ಯಾಗು ನೋಡಿದರು. ನಾದಿನಿಯ ಮುಖ ನೋಡಿದರು. ಅಮಾವಾಸ್ಯೆ ಅಂತ ಅವರಿಗೂ ಗೊತ್ತು. ಖುರ್ಚಿಯನ್ನು ಮೊದಲಿದ್ದ ಹಾಗೆ ಒಳಗೆ ತಳ್ಳಿ ನಿಂತೇ ಇದ್ದರು.

"ಯಾವಾಗ?" ಅಂದರು.

"ಹೋದ ವರ್ಷ ಮಳೆಗಾಲದಲ್ಲಿ" ಅಂದೆ.

ಆಮೇಲೆ ಅವರು ಮೇಜಿನ ಮೇಲಿದ್ದದ್ದು ಯಾವುದನ್ನೂ ಡಬ್ಬಿಗೆ ಹಾಕಲು ಬಿಡಲಿಲ್ಲ, ನಾದಿನಿ ಜಜ್ಜಿದ್ದೊಂದು ಬಿಟ್ಟು. "ಆರಿದ್ದು ಅಮ್ಮನಿಗೆ ಕೊಡುವುದಿಲ್ಲ ನಾನು" ಅಂದು ಒಳಗೆ ಹೋದರು. ಹೊಸದಾಗಿ ಮಾಡಿಸಿ, ರೊಟ್ಟಿ ಬೇರೆ, ಹೂರಣ ಬೇರೆ, ಹಪ್ಪಳ ಬೇರೆ ಕಟ್ಟಿ, ಬಾಳೆಲೆ ಮುಚ್ಚಿ ತಂದರು. ನಾನು ಜೇಬಿಗೆ ಕೈ ಹಾಕಿದ್ದಕ್ಕೆ ಗದರಿದರು. "ಕರೆದದ್ದು ನಾನು."

ಬಾಗಿಲವರೆಗೆ ಬಂದು ನನ್ನ ಫೋನ್ ನಂಬರ್ ತೆಗೆದುಕೊಂಡರು. "ಸಂಜೆ ಮಾಡ್ತೇನೆ. ಅಮ್ಮ ಎಂತ ಹೇಳಿದ್ರು ಅಂತ ನನಗೆ ಗೊತ್ತಾಗ್ಬೇಕು. ಮುಖಕ್ಕೇ ಹೇಳ್ತೇನೆ ಅಂದಿದ್ರು. ನಾನು ಬಿಡುವುದಿಲ್ಲ."

ಹಿಂದೆ ನಿಂತಿದ್ದ ಮ್ಯಾನೇಜರಿಗೆ ವಿಷಯ ಇನ್ನೂ ಪೂರ್ತಿ ತಲೆಗೆ ಇಳಿದಿರಲಿಲ್ಲ. "ಮೇಡಂಗೆ ಇಷ್ಟ ಆದ್ರೆ ನೆಟ್ಟಲ್ಲಿ ನಮಗೆ ಐದು ಸ್ಟಾರ್ ಕೊಡೋಕೆ ಹೇಳಿ" ಅಂದರು.

"ಹೇಳ್ತೀನಿ ಸಾರ್. ಈಗ ಅವಳ ಕೈಗೆ ಎಟುಕುತ್ತೆ" ಅಂದಳು ನಾದಿನಿ.

ಕಾಗೆ ಹೇಳಿದ್ದು

ಮನೆಗೆ ಬಂದು ಫೋಟೋ ಮುಂದೆ ಎಲೆ ಹಾಕಿದೆವು. ಕಡುಬು, ಕೋಳಿ ಸಾರು, ಮೆಕ್ಸಿಕೊದ್ದು. ಫೋಟೋದಲ್ಲಿ ಅವಳು ನಗುತ್ತಿರಲಿಲ್ಲ. ಸ್ಟುಡಿಯೋದವನು ಸುಮ್ಮನಿರಿ ಅಂದಿದ್ದಕ್ಕೆ ಸಿಟ್ಟಿನಲ್ಲಿದ್ದಳು. ಕೈ ಮುಗಿದೆವು. ಆಮೇಲೆ ನಾನು ಏಣಿ ಹಾಕಿ ಹತ್ತಿ ಕಾಗೆ ಪಾಲನ್ನು ಒಂದು ಎಲೆಯಲ್ಲಿ ಹಂಚಿನ ಮೇಲಿಟ್ಟೆ. ಹತ್ತುವ ಕೆಲಸ ನನ್ನದೇ.

ಕೂಗಿದೆವು. ಬೆಣ್ಣೆಹಣ್ಣಿನ ಮರದಿಂದ ಒಂದು ಕಾಗೆ ಇಳಿಯಿತು.

ಮೊದಲು ಕಡುಬಿನ ಹತ್ತಿರ ಹೋಯಿತು. ಮುಟ್ಟಲಿಲ್ಲ. ಕೋಳಿ ನೋಡಿತು. ಮುಟ್ಟಲಿಲ್ಲ. ಹಸಿರು ಗುಡ್ಡೆಯ ಹತ್ತಿರ ಬಂದು ತಲೆ ಓರೆ ಮಾಡಿತು. ಕೊಕ್ಕಿನ ತುದಿ ತಾಗಿಸಿತು. ತಲೆ ಕೊಡವಿತು. ಹಂಚಿಗೆ ಕೊಕ್ಕು ಆ ಕಡೆ ಈ ಕಡೆ ಉಜ್ಜಿ, ಹಾರಿ ಹೋಗಿ ಕೊಂಬೆ ಮೇಲೆ ಕೂತಿತು.

"ಅದು ಮುಟ್ಟಿದ್ದು ಲೆಕ್ಕ ಅಲ್ವಾ?" ಅಂದ ಡ್ರೈವರ್. ಅವನೂ ಊಟಕ್ಕೆ ಕಾಯುತ್ತಿದ್ದ.

"ಉಗಿದದ್ದು ಲೆಕ್ಕ ಆಗುತ್ತೇನೋ?" ಅಂದಳು ನಾದಿನಿ.

ಹೊತ್ತು ಗುಡ್ಡದ ಮೇಲೆ ಕೂತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಕಾಗೆಗಳೆಲ್ಲ ಗೂಡಿಗೆ ಹೋಗುತ್ತವೆ. ನಾದಿನಿ ಕೈ ಜೋಡಿಸಿದಳು. "ಅಕ್ಕಾ, ಏನು ಆಸೆ ಉಳೀತು ಹೇಳೆ. ಭಾವನ್ನ ನಾವು ನೋಡ್ಕೋತೀವಿ. ತಿನ್ನು ಮಾರಾಯ್ತಿ."

ಕಾಗೆ ಕೂತೇ ಇತ್ತು.

"ಸರಿ. ನಿನ್ನ ಕುಕ್ಕರ್ ನನ್ನ ಹತ್ರ ಇದೆ. ನಾನು ಕೇಳ್ದೆ ತಗೊಂಡು ಹೋದೆ. ವಾಪಸ್ ತಂದು ಕೊಡ್ತೀನಿ."

ಕಾಗೆ ಒಂದು ಕೊಂಬೆ ಕೆಳಗೆ ಇಳಿಯಿತು. ಅಷ್ಟೆ.

"ಗ್ಯಾಸ್ಕೆಟ್ ಹೊಸದು ಹಾಕಿಸಿ ಕೊಡ್ತೀನಿ!"

ಇಳಿಯಲಿಲ್ಲ. ಡ್ರೈವರ್ ಮುಂದೆ ಬಂದ. ಹಸಿವು ತಡೆಯದೆ ಅವನೂ ಕೈ ಮುಗಿದ. "ಅಕ್ಕ, ನಾನು ಇವತ್ತಿಂದ ಕುಡಿಯೋದು ಬಿಟ್ಟೆ."

ಕಾಗೆ ಬೆನ್ನು ತಿರುಗಿಸಿ ಕೂತಿತು.

ಇನ್ನು ಮಾತಾಡಬೇಕಾದವನು ನಾನು. ಇಬ್ಬರೂ ನನ್ನ ನೋಡಿದರು. ಏನು ಹೇಳುವುದು? ಮೂವತ್ತು ವರ್ಷ ಅವಳೇ ಮಾತಾಡಿದ್ದಳು. ನಾನು ಹೂಂ ಅಂದಿದ್ದೆ. ಕಾಗೆಗೆ ಹೂಂ ಅಂದರೆ ಆಗುತ್ತದಾ?

ಅಡುಗೆಮನೆಗೆ ಹೋದೆ. ಅವಳ ಸಕ್ಕರೆ ಡಬ್ಬಿ ಇದ್ದಲ್ಲೇ ಇತ್ತು. ಒಬ್ಬನೇ ಆದ ಮೇಲೆ ನಾನು ಕಾಫಿಗೆ ಬೆಲ್ಲ ಹಾಕಿಕೊಳ್ಳುತ್ತೇನೆ. ಆ ಡಬ್ಬಿಯ ಮುಚ್ಚಳ ತೆಗೆದಿರಲಿಲ್ಲ. ತೆಗೆದೆ. ಸಕ್ಕರೆ ಗಟ್ಟಿ ಕಟ್ಟಿತ್ತು. ಚಮಚದಿಂದ ಕುಟ್ಟಿ, ಒಂದು ಮುಷ್ಟಿ ತೆಗೆದುಕೊಂಡು ಏಣಿ ಹತ್ತಿದೆ.

"ಭಾವ! ಎಂತ ಮಾಡ್ತೀರಿ? ಅದು ಮೆಕ್ಸಿಕೊ ಅಡುಗೆ. ಕೆಟ್ಟು ಹೋಗುತ್ತೆ!"

"ಮರ ಅವಳದು" ಅಂದೆ.

ಹಸಿರು ಗುಡ್ಡೆಯ ಮೇಲೆ ಸಕ್ಕರೆ ಸುರಿದೆ. ಉಪ್ಪು, ಈರುಳ್ಳಿ, ಹಸಿಮೆಣಸು, ಅದರ ಮೇಲೆ ಸಕ್ಕರೆ. ಇನ್ನೂ ಏಣಿಯ ಅರ್ಧ ಇಳಿದಿರಲಿಲ್ಲ, ರೆಕ್ಕೆ ಸದ್ದಾಯಿತು.

ಕಾಗೆ ನಿಂತೇ ತಿಂದಿತು. ಹಸಿರು ಮುಗಿಸಿತು. ಆಮೇಲೆ ರೊಟ್ಟಿ, ಹಪ್ಪಳ, ಕಡುಬು, ಕೋಳಿ. ಬಳಗ ಕೂಗಿ ಕರೆಯಿತು. ನಾನು ಏಣಿಯ ಮೇಲೆಯೇ ನಿಂತು ನೋಡಿದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಇಳಿಯಲು ಮೆಟ್ಟಿಲು ಕಾಣಲಿಲ್ಲ. ಡ್ರೈವರ್ ಕಾಲು ಹಿಡಿದು ಇಳಿಸಿದ.

ಮೂವರೂ ಎಲೆ ಹಾಕಿಕೊಂಡು ಕೂತೆವು. ಮಧ್ಯಾಹ್ನದ ಊಟ ಮುಸ್ಸಂಜೆಗೆ. ನಾದಿನಿ ಹಪ್ಪಳದಲ್ಲಿ ಉಪ್ಪಿನ ಬೆಣ್ಣೆಹಣ್ಣು ತೋಡಿ ತಿಂದಳು. ಇನ್ನೊಂದು ಸಲ ತೋಡಿದಳು. ಆಮೇಲೆ ಫೋಟೋ ಕಡೆ ಒಮ್ಮೆ ನೋಡಿ, ನನ್ನ ಕಿವಿ ಹತ್ತಿರ ಬಗ್ಗಿದಳು. "ಭಾವ, ಅಕ್ಕನಿಗೆ ಹೇಳ್ಬೇಡಿ. ಉಪ್ಪೇ ಚೆನ್ನಾಗಿದೆ."

ಅಷ್ಟರಲ್ಲಿ ಎಡೆ ಪಕ್ಕದಲ್ಲಿಟ್ಟಿದ್ದ ನನ್ನ ಫೋನು ಬಡಿಯಿತು. ಡ್ರೈವರ್ ತುತ್ತು ಕೈಯಲ್ಲೇ ಹಿಡಿದು ಹಿಂದೆ ಸರಿದ. "ಎತ್ತಬೇಡಿ ಅಣ್ಣ. ವ್ಯಾಲಿಡಿಟಿಯವಳು!"

ಎತ್ತಿದೆ. ಅಡುಗೆಯವರು. ಹಿಂದೆ ಪಾತ್ರೆ ಸದ್ದು ಕೇಳುತ್ತಿತ್ತು. ದನಿ ಮೆಲ್ಲಗಿತ್ತು.

"ಎಂತ ಹೇಳಿದ್ರು ಅಮ್ಮ?"

ನಾನು ಹೊರಗೆ ಬಂದು ಮಾಡು ನೋಡಿದೆ. ಕಾಗೆ ಇನ್ನೂ ಅಲ್ಲೇ ಇತ್ತು. ಎಲೆಗೆ ಅಂಟಿದ್ದ ಕೊನೆಯ ಸಕ್ಕರೆ ಕಾಳನ್ನು ಹೆಕ್ಕುತ್ತಿತ್ತು.

"ಸಕ್ಕರೆ ಹಾಕೋದು ಮರೆತಿದ್ದೀರಂತೆ" ಅಂದೆ.